ಮಣ್ಣು ಬಲ್ಲ ಮಿತ

ಯಲಬುರ್ಗಾ ಸೀಮೆಯ ನೆಲಕ್ಕೆ ಎರಡು ಬಣ್ಣ. ಒಂದು ಕಡೆ ಕರಿ ಎರೆ, ಇನ್ನೊಂದು ಕಡೆ ಕೆಂಪು ಮಸಾರಿ. ಎರೆಹೊಲದವರು ಹಿಂಗಾರಿಗೆ ಬಿಳಿಜೋಳ, ಕಡಲೆ ಬಿತ್ತಿ ನೆಲದೊಳಗಿನ ತಂಪನ್ನು ನಂಬಿ ಕೂರುತ್ತಾರೆ. ಮಸಾರಿಯವರು ಮುಂಗಾರಿಗೆ ಸಜ್ಜೆ, ಶೇಂಗಾ ಹಾಕಿ ಮುಗಿಲು ನೋಡುತ್ತಾರೆ. ಕಾರಹುಣ್ಣಿಮೆ ದಾಟಿ ಮಣ್ಣೆತ್ತಿನ ಅಮವಾಸ್ಯೆ ಬಂತೆಂದರೆ ಎರೆಮಣ್ಣು ಮನೆಯೊಳಗೇ ಬರುತ್ತದೆ. ಹಸಿಮಣ್ಣು ನಾದಿ ಜೋಡೆತ್ತು ಮಾಡಿ, ಮುಂದೊಂದು ಗ್ವಾದಲಿ ಇಟ್ಟು, ಪೂಜೆ ಮಾಡಿ ಎಡೆ ಹಿಡಿಯುತ್ತಾರೆ. ಎತ್ತಿನ ಕೋಡು ತಿದ್ದಿದ ಹುಡುಗನ ಉಗುರಿನ ಸಂದಿಯಲ್ಲಿ ಒಂದಿಷ್ಟು ಮಣ್ಣು ಉಳಿದಿರುತ್ತದಲ್ಲ, ಅಷ್ಟರಲ್ಲೇ ಲಕ್ಷಗಟ್ಟಲೆ ಬ್ಯಾಕ್ಟೀರಿಯಾಗಳಿರುತ್ತವೆ. ನಾವು ಪೂಜಿಸುವ ಎತ್ತಿನೊಳಗೆ ಅಷ್ಟು ಜೀವಗಳು ಉಣ್ಣುತ್ತಿರುತ್ತವೆ, ಹೆರುತ್ತಿರುತ್ತವೆ, ಒಂದರ ಮೇಲೊಂದು ವಿಷ ಕಾರುತ್ತಿರುತ್ತವೆ.

ಆ ವಿಷದಿಂದಲೇ ನಮ್ಮ ಎಷ್ಟೋ ಮಂದಿಯ ಜೀವ ಉಳಿದಿದೆ.

ಮೊದಲ ಮಳೆಗೆ ನೆಲದಿಂದ ಏಳುವ ವಾಸನೆಯಲ್ಲಿ ಜಿಯೋಸ್ಮಿನ್ ಎಂಬ ರಾಸಾಯನಿಕದ ಪಾಲು ದೊಡ್ಡದು. ಮನುಷ್ಯನ ಮೂಗು ಅದನ್ನು ಲಕ್ಷ ಕೋಟಿಯಲ್ಲಿ ಐದಾರು ಪಾಲಿದ್ದರೂ ಹಿಡಿಯಬಲ್ಲದು. ಇದನ್ನು ತಯಾರಿಸುವವುಗಳಲ್ಲಿ ಮುಖ್ಯವಾದದ್ದು ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾ ಕುಲ. ಇವು ಮಣ್ಣಿನ ಕಣಗಳ ನಡುವೆ ಬಿಳಿ ನೂಲಿನಂತೆ ಹಬ್ಬಿ, ಕಡೆಗೆ ಬೀಜಕಗಳಾಗಿ ಉದುರುತ್ತವೆ. ವಾಸನೆ ಯಾರಿಗಾಗಿ ಎಂಬುದಕ್ಕೂ 2020ರಲ್ಲಿ ಸ್ವೀಡನ್, ಬ್ರಿಟನ್ ಮೊದಲಾದೆಡೆಯ ಸಂಶೋಧಕರು ಉತ್ತರ ಕೊಟ್ಟರು. ಸ್ಪ್ರಿಂಗ್‌ಟೇಲ್ ಎಂಬ ಪುಟ್ಟ ನೆಗೆಯುವ ಜೀವಿಗಳು ಆ ವಾಸನೆಗೆ ಮನಸೋತು ಬಂದು, ಬೀಜಕಗಳನ್ನು ತಿಂದು, ಮೈಗೆ ಮೆತ್ತಿಕೊಂಡು ಊರೂರಿಗೆ ಹಂಚುತ್ತವೆ. ನಮ್ಮನ್ನು ಹೊಸ್ತಿಲಿಗೆ ತಂದು ನಿಲ್ಲಿಸಿ, ಕಣ್ಣು ಮುಚ್ಚಿಸಿ ಉಸಿರೆಳೆಸುವ ಆ ಘಮದ ಕರೆ ನಮಗಲ್ಲ. ನಾವು ನಡುವೆ ನಿಂತು ಕೇಳಿಸಿಕೊಂಡವರು, ಅಷ್ಟೆ.

ಅದೇ ಕುಲದಿಂದ 1943ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಆಲ್ಬರ್ಟ್ ಶಾಟ್ಜ್ ಮತ್ತು ಸೆಲ್ಮನ್ ವಾಕ್ಸ್‌ಮನ್ ಸ್ಟ್ರೆಪ್ಟೊಮೈಸಿನ್ ತೆಗೆದರು. ಕ್ಷಯಕ್ಕೆ ಸಿಕ್ಕ ಮೊದಲ ನಿಜವಾದ ಮದ್ದು ಅದು. ಮಿಸೌರಿಯ ಹುಲ್ಲಿನ ಹೊಲವೊಂದರ ಮಣ್ಣು ಟೆಟ್ರಾಸೈಕ್ಲಿನ್ ಜಾತಿಯ ಮೊದಲ ಔಷಧಿಯನ್ನು ಕೊಟ್ಟಿತು. ವೆನೆಜುವೆಲಾದ ಮಣ್ಣಿನಿಂದ ಟೈಫಾಯ್ಡಿಗೆ ಕ್ಲೋರಾಂಫೆನಿಕಾಲ್ ಬಂತು, ಫಿಲಿಪೀನ್ಸಿನ ಮಣ್ಣಿನಿಂದ ಎರಿತ್ರೊಮೈಸಿನ್. ಬೋರ್ನಿಯೊದಿಂದ ಪಾದ್ರಿಯೊಬ್ಬರು ಕಳಿಸಿದ ಮಣ್ಣಿನಲ್ಲಿ, ಸ್ಟ್ರೆಪ್ಟೊಮೈಸಿಸ್‌ನ ದಾಯಾದಿಯೊಂದರಿಂದ, ವ್ಯಾಂಕೊಮೈಸಿನ್ ಸಿಕ್ಕಿತು. ಕಾಲ ಕೆಳಗಿನ ನೆಲವನ್ನು ಔಷಧಿ ಅಂಗಡಿ ಎಂದು ಆ ಕಾಲದವರು ಕಂಡುಕೊಂಡದ್ದು ದೊಡ್ಡ ಮಾತು. ಆದರೆ ಅಂಗಡಿ ಇಟ್ಟವರು ಯಾರು, ಯಾವ ಗಿರಾಕಿಗಾಗಿ ಎಂದು ಕೇಳುವಷ್ಟು ವ್ಯವಧಾನ ಆಗ ಹೆಚ್ಚಿನವರಿಗೆ ಇರಲಿಲ್ಲ.

ಕೊಲ್ಲುವ ಬಗೆಯನ್ನೇ ನೋಡಿ. ಬ್ಯಾಕ್ಟೀರಿಯಾದ ಒಡಲು ಬಿರಿಯುವಂತೆ ತುಂಬಿರುತ್ತದೆ. ಗಾಯದಲ್ಲಿ ಕೀವು ಮಾಡುವ ಸ್ಟೆಫೈಲೊಕಾಕಸ್‌ನ ಒಳಗಿನ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು ಇಪ್ಪತ್ತು ಪಟ್ಟು. ಒಡೆಯದಂತೆ ಹಿಡಿದಿರುವುದು ಅದರ ಗೋಡೆ. ನಮ್ಮ ಕಡೆಯ ಕೌದಿಯಂತೆ ಆ ಗೋಡೆಯ ಗಟ್ಟಿತನವೆಲ್ಲ ಹೊಲಿಗೆಯಲ್ಲಿದೆ: ಸಕ್ಕರೆಯ ಉದ್ದೆಳೆಗಳು, ಅವನ್ನು ಅಡ್ಡಡ್ಡ ಬಿಗಿದ ಅಮೈನೊ ಆಮ್ಲದ ಟಾಕುಗಳು. ಬೆಳೆಯಬೇಕಾದರೆ ಬ್ಯಾಕ್ಟೀರಿಯಾ ಹಳೆಯ ಟಾಕು ಬಿಚ್ಚಿ, ಹೊಸ ತುಂಡು ಸೇರಿಸಿ ಮತ್ತೆ ಹೊಲಿಯಬೇಕು. ಬಿಚ್ಚುವುದೂ ಹೊಲಿಯುವುದೂ ಏಕಕಾಲಕ್ಕೆ ನಡೆದಿರುತ್ತವೆ. ಪೆನ್ಸಿಲಿನ್ ಆ ಟಾಕಿನ ಎಳೆಯ ತುದಿಯ ವೇಷ ತೊಟ್ಟು ಹೊಲಿಯುವ ಕಿಣ್ವದ ಮುಂದೆ ಬರುತ್ತದೆ. ಎಳೆ ಎಂದೇ ಭ್ರಮಿಸಿ ಹಿಡಿದ ಕಿಣ್ವ ಮತ್ತೆ ಬಿಡಲಾರದೆ ಅಂಟಿಕೊಳ್ಳುತ್ತದೆ. ಹೊಲಿಗೆ ನಿಂತಿತು, ಬಿಚ್ಚುವ ಕೆಲಸ ಮಾತ್ರ ಸಾಗಿಯೇ ಇದೆ. ಸ್ವಲ್ಪ ಹೊತ್ತಿಗೆ ಗೋಡೆ ಹರಿದು ಜೀವ ಹೊರಚೆಲ್ಲುತ್ತದೆ. ಮದ್ದು ಕೊಂದಿತು ಎನ್ನುತ್ತೇವೆ ನಾವು. ಸತ್ತದ್ದು ಮಾತ್ರ ತನ್ನದೇ ಬೆಳೆಯುವ ಅವಸರದಿಂದ. ನಮ್ಮ ಜೀವಕೋಶಗಳಿಗೆ ಇಂಥ ಗೋಡೆಯೇ ಇಲ್ಲದ್ದರಿಂದ ಮದ್ದು ನಮ್ಮನ್ನು ಮುಟ್ಟದೆ ಹೋಗುತ್ತದೆ. ಒಂದೇ ಮೈಯೊಳಗೆ ಕೂತ ಇಬ್ಬರಲ್ಲಿ ಒಬ್ಬನನ್ನಷ್ಟೇ ಹುಡುಕಿ ಹೊಡೆಯುವ ಈ ಗುರಿಗಾರಿಕೆಯನ್ನು ಎಷ್ಟು ಸಲ ನೆನೆದರೂ ಬೆರಗು ಸವೆಯುವುದಿಲ್ಲ.

ಬ್ಯಾಕ್ಟೀರಿಯಾ ಸುಮ್ಮನೆ ಸಾಯುವ ಜಾತಿಯಲ್ಲ. ಕೆಲವು ಪೆನ್ಸಿಲಿನ್ನಿನ ನಡುವಿನ ಉಂಗುರವನ್ನೇ ಕತ್ತರಿಸಿ ಹಾಕುವ ಕಿಣ್ವ ಇಟ್ಟುಕೊಂಡಿವೆ. ಕೆಲವು ಮದ್ದಿನ ಕೈಗೆ ಸಿಗದ ಬೇರೊಂದು ಹೊಲಿಯುವ ಕಿಣ್ವವನ್ನು ಸಾಕಿಕೊಂಡಿವೆ. ಇನ್ನು ಕೆಲವು ಒಳಬಂದ ಮದ್ದನ್ನು ಪಂಪು ಹಚ್ಚಿ ಹೊರಗೆ ಹಾಕುತ್ತವೆ. ಇದೆಲ್ಲ ನಮ್ಮ ತಪ್ಪಿನಿಂದ ಈಚೆಗೆ ಹುಟ್ಟಿದ್ದು ಎಂದುಕೊಳ್ಳುವವರಿದ್ದಾರೆ, ಅರ್ಧ ಸತ್ಯ. ಪೆನ್ಸಿಲಿನ್ನನ್ನು ಮುರಿಯುವ ಕಿಣ್ವವನ್ನು ಅಬ್ರಹಾಂ ಮತ್ತು ಚೈನ್ ವರದಿ ಮಾಡಿದ್ದು 1940ರಲ್ಲಿ, ಆ ಮದ್ದು ಇನ್ನೂ ಆಸ್ಪತ್ರೆಗಳಿಗೆ ಬರುವ ಮುಂಚೆ. ಕೆನಡಾದ ಯೂಕಾನ್ ಪ್ರದೇಶದ ಹೆಪ್ಪುಗಟ್ಟಿದ 30,000 ವರ್ಷ ಹಳೆಯ ಮಣ್ಣಿನಲ್ಲಿ ವ್ಯಾಂಕೊಮೈಸಿನ್ನನ್ನು ಎದುರಿಸುವ ಜೀನುಗಳು ಸಿಕ್ಕ ಸುದ್ದಿ 2011ರಲ್ಲಿ ಪ್ರಕಟವಾಯಿತು. ವಿಷ ತಯಾರಿಸುವವನ ಮನೆಯಲ್ಲಿ ಪ್ರತಿವಿಷವೂ ಇರಲೇಬೇಕಲ್ಲ, ಇಲ್ಲದಿದ್ದರೆ ಮೊದಲು ಅವನೇ ಸಾಯುತ್ತಿದ್ದ. ಮದ್ದು ಮಾಡುವ ವಿದ್ಯೆಯೂ ಅದನ್ನು ಮೀರುವ ವಿದ್ಯೆಯೂ ಒಂದೇ ಮಣ್ಣಿನಲ್ಲಿ ಕಲಿತ ವಿದ್ಯೆಗಳು.

ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾವನ್ನು ಮದ್ದು ಕೊಲ್ಲುವುದು ಮತ್ತೆ ಹೇಗೆ? ಇದನ್ನು ಕಣ್ಣಾರೆ ನೋಡಬೇಕೆಂದರೆ ಆಸ್ಪತ್ರೆಯ ಮೈಕ್ರೊಬಯಾಲಜಿ ಲ್ಯಾಬಿನಲ್ಲಿ ಒಂದು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ತೆಳು ಹಳದಿ ಅಗರ್ ಹಾಕಿದ ದುಂಡನೆಯ ತಟ್ಟೆ. ರೋಗಿಯ ಮೂತ್ರದಿಂದ ಬೆಳೆಸಿದ ಬ್ಯಾಕ್ಟೀರಿಯಾವನ್ನು ಹತ್ತಿಯ ಕಡ್ಡಿಯಿಂದ ಅದರ ಮೇಲೆಲ್ಲ ಸವರಿ, ಔಷಧಿ ಹೀರಿದ 6 ಮಿಲಿಮೀಟರಿನ ಕಾಗದದ ಬಿಲ್ಲೆಗಳನ್ನು ಇಟ್ಟು ರಾತ್ರಿಯಿಡೀ ಬೆಚ್ಚಗಿಡುತ್ತಾರೆ. ಬೆಳಗಾಗುವಷ್ಟರಲ್ಲಿ ತಟ್ಟೆ ತುಂಬ ಮಬ್ಬು ಪೊರೆ ಎದ್ದಿರುತ್ತದೆ. ಮದ್ದು ನಾಟಿದ ಬಿಲ್ಲೆಯ ಸುತ್ತ ಮಾತ್ರ ನಿಚ್ಚಳ ವೃತ್ತ. ನಾಟದ ಬಿಲ್ಲೆಯ ಅಂಚಿನವರೆಗೂ ಪೊರೆ ಬಂದು ಮುಟ್ಟಿರುತ್ತದೆ. ಇಂಥ ಒಂದು ತಟ್ಟೆಯಲ್ಲಿ ನಡುವೆ ಕ್ಲಾವುಲಾನಿಕ್ ಆಮ್ಲ ಸೇರಿದ ಬಿಲ್ಲೆ, ಅದರಿಂದ ಎರಡು ಸೆಂಟಿಮೀಟರ್ ದೂರಕ್ಕೆ ಸೆಫಲೊಸ್ಪೊರಿನ್ ಎಂಬ ಮದ್ದಿನ ಬಿಲ್ಲೆ ಇಡುವ ಪದ್ಧತಿ ಇದೆ. ಮದ್ದು ಮುರಿಯುವ ಕಿಣ್ವವುಳ್ಳ ಬ್ಯಾಕ್ಟೀರಿಯಾ ಆದರೆ ಸೆಫಲೊಸ್ಪೊರಿನ್ ಸುತ್ತಲಿನ ವೃತ್ತ ಮುದುಡಿರುತ್ತದೆ. ಆದರೆ ಕ್ಲಾವುಲಾನಿಕ್ ಬಿಲ್ಲೆಯ ದಿಕ್ಕಿಗೆ ಮಾತ್ರ ಆ ವೃತ್ತ ಉಬ್ಬಿ, ಅದರ ಕಡೆಗೆ ಕೈ ಚಾಚಿದಂತೆ ಹೋಗಿರುತ್ತದೆ. ಎರಡು ಬಿಲ್ಲೆಗಳ ನಡುವಿನ ಆ ಸಣ್ಣ ತೆರವಿನಲ್ಲಿ, ಒಂದೊಂದೇ ಸೋಲುವ ಜಾಗದಲ್ಲಿ, ಎರಡೂ ಕೂಡಿ ಕೊಂದಿವೆ.

ಕ್ಲಾವುಲಾನಿಕ್ ಆಮ್ಲಕ್ಕೆ ತಾನಾಗಿ ಕೊಲ್ಲುವ ಶಕ್ತಿ ಅಷ್ಟಕ್ಕಷ್ಟೆ. ಅದು ಬಲಿ ಹೋಗಲು ಬಂದದ್ದು. ಕತ್ತರಿಸುವ ಕಿಣ್ವದ ಬಾಯಿಗೆ ತಾನೇ ಬಿದ್ದು, ಅದರ ಹಲ್ಲಿಗೆ ಕಚ್ಚಿಕೊಂಡು, ತಾನೂ ಕೆಟ್ಟು ಅದನ್ನೂ ಕೆಡಿಸುತ್ತದೆ. ಆ ಹೊತ್ತಿಗೆ ಜೊತೆಗಾರ ಮದ್ದು ಗೋಡೆಯನ್ನು ಮುಟ್ಟುತ್ತದೆ. 1981ರಲ್ಲಿ ಅಮಾಕ್ಸಿಸಿಲಿನ್ ಜೊತೆಗೆ ಮಾರುಕಟ್ಟೆಗೆ ಬಂದ ಈ ಜೋಡಿ ಇಂದು ತಾಲ್ಲೂಕಿನ ಪ್ರತಿ ಮೆಡಿಕಲ್ ಶಾಪಿನಲ್ಲೂ ಇದೆ. ಮನುಷ್ಯನ ಬುದ್ಧಿವಂತಿಕೆ ಎಂದು ಬೆನ್ನು ತಟ್ಟಿಕೊಳ್ಳುವ ಮುಂಚೆ ಇನ್ನೊಂದು ಮಾತು: ಕ್ಲಾವುಲಾನಿಕ್ ಆಮ್ಲವನ್ನು ಮಾಡುವ ಸ್ಟ್ರೆಪ್ಟೊಮೈಸಿಸ್ ಪ್ರಭೇದವೇ ಅದರ ಜೊತೆಗೆ ಸೆಫಲೊಸ್ಪೊರಿನ್ ಮನೆತನದ ಕೊಲ್ಲುವ ಮದ್ದೊಂದನ್ನೂ ಮಾಡುತ್ತದೆ. ಜೋಡಿ ಕಳಿಸುವ ಉಪಾಯ ಮಣ್ಣಿಗೆ ಮೊದಲೇ ಗೊತ್ತಿತ್ತು.

ವ್ಯಾಂಕೊಮೈಸಿನ್ನಿನ ಕತೆ ಇನ್ನೂ ಸೂಕ್ಷ್ಮ. ಅದು ಹೊಲಿಯುವ ಕಿಣ್ವವನ್ನು ಬಿಟ್ಟು ಎಳೆಯ ತುದಿಯನ್ನೇ ಅವುಚಿ ಹಿಡಿಯುತ್ತದೆ. ಆ ಹಿಡಿತ ಐದು ಹೈಡ್ರೊಜನ್ ಬಂಧಗಳದ್ದು. 1958ರಲ್ಲಿ ಬಳಕೆಗೆ ಬಂದ ಈ ಮದ್ದಿಗೆ ಬಗ್ಗದ ಎಂಟರೊಕಾಕಸ್ ಎಂಬ ಬ್ಯಾಕ್ಟೀರಿಯಾ ವರದಿಯಾದದ್ದು 1988ರಲ್ಲಿ. ಮೂವತ್ತು ವರ್ಷ ಕಾದು ಬ್ಯಾಕ್ಟೀರಿಯಾ ಮಾಡಿದ್ದಿಷ್ಟೇ: ಎಳೆಯ ತುದಿಯಲ್ಲಿ ಸಾರಜನಕ ಇರುವ ಒಂದು ಕಡೆ ಆಮ್ಲಜನಕ ಕೂರಿಸಿತು. ಐದರಲ್ಲಿ ಒಂದು ಬಂಧ ತಪ್ಪಿತು, ಹಿಡಿತ ಸಾವಿರ ಪಟ್ಟು ಸಡಿಲವಾಯಿತು. ಒಂದು ಪರಮಾಣುವಿನ ಅದಲುಬದಲಿಗೆ ಆಸ್ಪತ್ರೆಯ ಕೊನೆಯ ಆಸರೆ ಕೈಬಿಟ್ಟಿತು.

ಇಂಥ ಬ್ಯಾಕ್ಟೀರಿಯಾವನ್ನು ಕೊಲ್ಲಲು ಅದೇ ಮದ್ದನ್ನು ಹೊಸದಾಗಿ ಸಾಣೆ ಹಿಡಿಯುವ ಕೆಲಸ ನಮ್ಮ ನಾಡಿನಲ್ಲೇ ನಡೆದಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಜಯಂತ ಹಾಲ್ದಾರ್ ಅವರ ತಂಡ ವ್ಯಾಂಕೊಮೈಸಿನ್ನಿಗೆ ಕೊಬ್ಬಿಗೆ ಒಲಿಯುವ, ಧನ ವಿದ್ಯುದಂಶದ ಒಂದು ಬಾಲ ಜೋಡಿಸಿತು. ಬ್ಯಾಕ್ಟೀರಿಯಾದ ಮೇಲ್ಮೈ ಋಣ ವಿದ್ಯುದಂಶದ್ದು. ಹಾಗಾಗಿ ಬಾಲ ಅದರ ಕಡೆಗೇ ಸೆಳೆತಗೊಂಡು ಒಳಪೊರೆಯನ್ನು ಚುಚ್ಚುತ್ತದೆ. ಒಂದು ಹಿಡಿತ ಸಡಿಲಾದರೇನು, ಇನ್ನೊಂದು ಕಡೆಯಿಂದ ಪೆಟ್ಟು ಬೀಳುತ್ತದೆ. ಬೆಂಗಳೂರಿನದೇ ಬಗ್‌ವರ್ಕ್ಸ್ ಸಂಸ್ಥೆ ಹುಡುಕಿದ ದಾರಿಯೂ ಇದೇ ಜಾಡಿನದು: ಡಿಎನ್ಎ ಸುರುಳಿ ಬಿಚ್ಚುವ ಎರಡು ಬೇರೆ ಬೇರೆ ಕಿಣ್ವಗಳಿಗೆ ಒಂದೇ ಅಣುವಿನಿಂದ ಗುರಿ ಇಡುವುದು. ತಪ್ಪಿಸಿಕೊಳ್ಳಲು ಬ್ಯಾಕ್ಟೀರಿಯಾ ಒಮ್ಮೆಗೇ ಎರಡು ಕಡೆ ಬದಲಾಗಬೇಕು, ಅದು ಸುಲಭದ ಮಾತಲ್ಲ. ಇವು ರೋಗಿಯ ಹಾಸಿಗೆವರೆಗೆ ಬರುವ ದಾರಿ ಉದ್ದವಾದದ್ದು. ಆದರೆ ಯೋಚನೆ ಎಷ್ಟು ಸೊಗಸಾದದ್ದು ನೋಡಿ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದು ನಿಲ್ಲಿಸಿದ್ದು ಕಬ್ಬಿಣದ ಉಪಾಯ. ಮಸಾರಿ ಕೆಂಪಗಿರುವುದು ಕಬ್ಬಿಣದಿಂದ. ಗಿಣಿಗೇರಿ ಕಡೆ ಹೋದರೆ ಕಬ್ಬಿಣದ ಕಾರ್ಖಾನೆಗಳ ಹೊಗೆ ಕಾಣುತ್ತದೆ. ಇಷ್ಟು ಕಬ್ಬಿಣದ ನಡುವೆ ಕೂತೂ ಮಣ್ಣಿನ ಬ್ಯಾಕ್ಟೀರಿಯಾಕ್ಕೆ ಕಬ್ಬಿಣದ ಹಸಿವು, ಯಾಕೆಂದರೆ ಅದೆಲ್ಲ ತುಕ್ಕಿನ ರೂಪದಲ್ಲಿ ಕರಗದೆ ಕೂತಿದೆ. ನಮ್ಮ ಮೈಯೊಳಗೂ ಹಾಗೇ. ಸೋಂಕು ತಗುಲಿದೊಡನೆ ದೇಹ ತನ್ನ ಕಬ್ಬಿಣವನ್ನು ಬಚ್ಚಿಡುತ್ತದೆ. ಅದಕ್ಕೆ ಬ್ಯಾಕ್ಟೀರಿಯಾ ಸಿಡರೊಫೋರ್ ಎಂಬ ಪುಟ್ಟ ಅಣುಗಳನ್ನು ಹೊರಗೆ ಬಿಡುತ್ತದೆ. ಅವು ಅಲೆದು, ಕಬ್ಬಿಣ ಕಚ್ಚಿಕೊಂಡು ಹಿಂದಿರುಗಿದಾಗ ವಿಶೇಷ ಬಾಗಿಲು ತೆರೆದು ಬರಮಾಡಿಕೊಳ್ಳುತ್ತದೆ. ಜಪಾನಿನ ಶಿಯೊನೊಗಿ ಕಂಪನಿ ಮಾಡಿದ, 2019ರಲ್ಲಿ ಅಮೆರಿಕದಲ್ಲಿ ಮಂಜೂರಾದ ಸೆಫಿಡೆರೊಕಾಲ್ ಎಂಬ ಮದ್ದು ಈ ಅಣುವಿನ ತುಣುಕನ್ನು ತನ್ನ ಬೆನ್ನಿಗೆ ಕಟ್ಟಿಕೊಂಡಿದೆ. ಅದೂ ಕಬ್ಬಿಣ ಹಿಡಿದುಕೊಂಡೇ ಬಾಗಿಲಿಗೆ ಬರುತ್ತದೆ. ಉಳಿದ ಕಿಂಡಿಗಳನ್ನೆಲ್ಲ ಮುಚ್ಚಿ, ಪಂಪು ಹಚ್ಚಿ ಕೂತ ಬ್ಯಾಕ್ಟೀರಿಯಾ ತನ್ನ ಹಸಿವಿಗಾಗಿ ಈ ಬಾಗಿಲನ್ನು ತಾನೇ ತೆರೆಯುತ್ತದೆ. ಇಲ್ಲೂ ಮಣ್ಣೇ ಮುಂದು. ಕಬ್ಬಿಣದ ಆಸೆ ತೋರಿಸಿ ವಿಷವನ್ನು ಒಳಗೆ ಸಾಗಿಸುವ ಅಲ್ಬೊಮೈಸಿನ್ ಎಂಬ ಅಣುವನ್ನು ಸ್ಟ್ರೆಪ್ಟೊಮೈಸಿಸ್‌ಗಳು ನಮ್ಮ ಕಂಪನಿಗಳು ಹುಟ್ಟುವುದಕ್ಕೆ ಎಷ್ಟೋ ಮುಂಚಿನಿಂದ ಮಾಡುತ್ತಿವೆ.

ಎಲ್ಲವೂ ಮಣ್ಣಿನದೇ ಎಂದರೆ ಅತಿಯಾದೀತು. ಸಾಮಾನ್ಯ ಮದ್ದಿಗೆ ಬಗ್ಗದ ಕ್ಷಯಕ್ಕೆ ಇಂದು ಆಸರೆಯಾಗಿರುವ ಬೆಡಾಕ್ವಿಲಿನ್ ಪೂರಾ ಪ್ರಯೋಗಾಲಯದ ಕೂಸು. ನಮ್ಮ ದೇಶದಲ್ಲಿ 2016ರಲ್ಲಿ ಕೆಲವೇ ಆಸ್ಪತ್ರೆಗಳಿಂದ ಇದರ ಬಳಕೆ ಶುರುವಾಯಿತು. ಕ್ಷಯದ ಬ್ಯಾಕ್ಟೀರಿಯಾದಲ್ಲಿ ಶಕ್ತಿ ತಯಾರಿಸುವ ಯಂತ್ರ ನಿಜವಾಗಿಯೂ ಗಿರಗಿರನೆ ತಿರುಗುವ ಚಕ್ರ. ಬೆಡಾಕ್ವಿಲಿನ್ ಆ ಚಕ್ರದ ಸಂದಿಗೆ ಸಿಕ್ಕಿಕೊಂಡು ತಿರುಗದಂತೆ ಮಾಡುತ್ತದೆ. ಬ್ಯಾಕ್ಟೀರಿಯಾ ಆ ಕ್ಷಣಕ್ಕೇ ಸಾಯುವುದಿಲ್ಲ. ಕೂಡಿಟ್ಟ ಶಕ್ತಿ ತೀರುವವರೆಗೆ ಕೆಲವು ದಿನ ಹೆಣಗಿ, ಆಮೇಲೆ ಸಾಯುತ್ತದೆ. ಹಿಂದಿನ ಚಿಕಿತ್ಸೆಯಲ್ಲಿ ತಿಂಗಳುಗಟ್ಟಲೆ ಚುಚ್ಚುಮದ್ದು ತಗೊಂಡು ಕಿವಿ ಕಳೆದುಕೊಂಡವರಿದ್ದರು. ಈಗ ಗುಳಿಗೆಯಲ್ಲೇ ಆಗುತ್ತದೆ.

ಇಷ್ಟೆಲ್ಲ ಉಪಾಯಗಳನ್ನು ಸಾಲಾಗಿ ಇಟ್ಟು ನೋಡಿದಾಗ ಒಂದು ಸಂಗತಿ ಹೊಳೆಯುತ್ತದೆ. ಮಣ್ಣಿನ ಈ ಜಗಳ ಎಷ್ಟು ಹಳೆಯದೋ ಅಷ್ಟೇ ಮಿತವಾದದ್ದು. ಸ್ಟ್ರೆಪ್ಟೊಮೈಸಿಸ್ ಹಗಲಿರುಳೂ ವಿಷ ಕಾರುವುದಿಲ್ಲ. ಹೆಚ್ಚಾಗಿ ಆಹಾರ ತೀರಿ, ಬೀಜಕ ಕಟ್ಟುವ ಕಷ್ಟಕಾಲ ಬಂದಾಗ, ತನ್ನ ಸುತ್ತಲಿನ ಕೂದಲೆಳೆಯಷ್ಟು ಜಾಗಕ್ಕೆ ಬೇಕಾದಷ್ಟೇ ಮಾಡುತ್ತದೆ. ಎದುರಾಳಿಯೂ ಜಾಣ. ವ್ಯಾಂಕೊಮೈಸಿನ್ನನ್ನು ಎದುರಿಸುವ ಎಂಟರೊಕಾಕಸ್ ತನ್ನ ಜೀನುಗಳನ್ನು ಸದಾ ಉರಿಸುತ್ತ ಕೂರುವುದಿಲ್ಲ. ಮದ್ದಿನ ಸುಳಿವು ಹಿಡಿಯುವ ಕಾವಲುಗಾರ ಪ್ರೋಟೀನ್ ಒಂದಿದೆ. ಅದು ಕೂಗಿದಾಗ ಮಾತ್ರ ಗೋಡೆಯ ತುದಿ ಬದಲಾಗುತ್ತದೆ. ಕೊಲ್ಲುವವನಿಗೂ ಮಿತ ಗೊತ್ತು, ತಡೆಯುವವನಿಗೂ ಮಿತ ಗೊತ್ತು. ಹಾಗಾಗಿಯೇ ಎಷ್ಟೋ ಲಕ್ಷ ವರ್ಷ ಇಬ್ಬರೂ ಒಂದೇ ಹೊಲದಲ್ಲಿ ಬಾಳಿದರು.

ಮಿತ ತಪ್ಪಿದವರು ನಾವು. ಕುಷ್ಟಗಿ, ಯಲಬುರ್ಗಾ ಕಡೆ ದಾಳಿಂಬೆ ಹಾಕಿದವರಿಗೆ ದುಂಡಾಣು ಅಂಗಮಾರಿ ಎಂದರೆ ಏನೆಂದು ಹೇಳಬೇಕಾಗಿಲ್ಲ. ಎಲೆಯ ಮೇಲೆ ಎಣ್ಣೆ ತಾಗಿದಂಥ ಚುಕ್ಕೆ, ಕಾಯಿಯ ಮೇಲೆ ಬಿರುಕು, ಆಮೇಲೆ ಸಾಲದ ಲೆಕ್ಕ. ಇದಕ್ಕೆ ಹೊಡೆಯುತ್ತ ಬಂದ ಸ್ಟ್ರೆಪ್ಟೊಸೈಕ್ಲಿನ್ ಎಂಬ ಸಣ್ಣ ಪುಡಿ ಪೊಟ್ಟಣದಲ್ಲಿರುವುದು ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್. ಕ್ಷಯ ರೋಗಿಯನ್ನು ಬದುಕಿಸಿದ ಮದ್ದನ್ನು ಪಂಪಿಗೆ ತುಂಬಿ ಎಕರೆಗಟ್ಟಲೆ ತೋಟಕ್ಕೆ ಸಿಂಪಡಿಸುತ್ತ ಬಂದಿದ್ದಾರೆ. ಎಲೆಯಿಂದ ಜಾರಿದ ಹನಿ ಬೀಳುವುದು ಆ ಮದ್ದು ಹುಟ್ಟಿದ ಮಣ್ಣಿಗೇ. ಮಣ್ಣು ಚಿಟಿಕೆಯಲ್ಲಿ ಬಳಸುವುದನ್ನು ನಾವು ಕ್ಯಾನುಗಟ್ಟಲೆ ಸುರಿದಾಗ, ಅಲ್ಲಿನ ಕೋಟ್ಯಂತರ ಜೀವಗಳಲ್ಲಿ ಎದುರಿಸಬಲ್ಲವು ಬದುಕಿ, ಮಿಕ್ಕವು ಅಳಿಯುತ್ತವೆ. ಬ್ಯಾಕ್ಟೀರಿಯಾಗಳು ಜೀನುಗಳನ್ನು ಪಕ್ಕದವರಿಗೆ ಕೊಡುವುದರಲ್ಲಿ ಜಾತಿ ನೋಡುವುದಿಲ್ಲ. ತೋಟದಲ್ಲಿ ಕಲಿತ ವಿದ್ಯೆ ಆಸ್ಪತ್ರೆಗೆ ಬರಲು ಬಸ್ಸಿಗೆ ಕಾಯಬೇಕಿಲ್ಲ. ಸಾಲ ಮಾಡಿ ತೋಟ ಕಟ್ಟಿದ ರೈತನ ಮೇಲೆ ತಪ್ಪು ಹೊರಿಸಿದರೆ ಕೆಲಸ ಮುಗಿಯುವುದಿಲ್ಲ. ಅವನ ಕೈಗೆ ಬೇರೆ ದಾರಿ ಕೊಡಬೇಕಾದವರೂ ಇದಕ್ಕೆ ಹೊಣೆಗಾರರೇ.

ಊರೊಳಗಿನ ಮಾತು ಬೇರೆಯಾಗೇನೂ ಇಲ್ಲ. ಮೆಡಿಕಲ್ ಶಾಪಿನ ಕಟ್ಟೆಯ ಮುಂದೆ ದಿನವೂ ನಡೆಯುವ ಮಾತು ಇದು:

“ತಮ್ಮಾ, ಮೈ ಕಾಯಾಕ ಹತ್ತೈತಿ, ನೆಗಡಿನೂ ಐತಿ. ಆ ಪವರಿನ ಗುಳಿಗಿ ಎರಡು ಕೊಡು.”

“ಯಜ್ಜಾ, ಅದು ಡಾಕ್ಟರ್ ಚೀಟಿ ಇಲ್ಲದ ಕೊಡಾಂಗಿಲ್ರಿ.”

“ಎರಡ ಸಾಕಪಾ, ಪೂರಾ ಪಟ್ಟಿ ಯಾರು ಕೇಳ್ಯಾರ?”

ಅಜ್ಜ ತನ್ನ ಲೆಕ್ಕದಲ್ಲಿ ಮಿತವಾಗಿಯೇ ಇದ್ದಾನೆ. ಆದರೆ ಇದು ಮಣ್ಣಿನ ಮಿತವಲ್ಲ. ನೆಗಡಿ ವೈರಸ್ಸಿನದು. ಗೋಡೆಯೇ ಇಲ್ಲದ ವೈರಸ್ಸಿಗೆ ಗೋಡೆ ಕೆಡವುವ ಮದ್ದು ಒಂದೂ ಬೇಡ. ಬ್ಯಾಕ್ಟೀರಿಯಾದ ಜ್ವರವೇ ಆಗಿದ್ದರೆ ಎರಡು ಸಾಲದು: ಸಾಯುವವು ಸತ್ತು, ಗಟ್ಟಿಯಾದವು ಉಳಿದುಕೊಳ್ಳುತ್ತವೆ. ಬೇಡದಾಗ ಒಂದೂ ಇಲ್ಲ, ಬೇಕಾದಾಗ ಕೊರತೆ ಇಲ್ಲ. ಮಣ್ಣು ಪಾಲಿಸುವ ಮಿತ ಇದು.

ಹೊಸ ಮದ್ದುಗಳು ಬರುತ್ತವೆ, ಬರಲಿ. 2024ರ ನವೆಂಬರಿನಲ್ಲಿ ನಮ್ಮ ದೇಶದಲ್ಲೇ ಸಿದ್ಧವಾದ ನಾಫಿಥ್ರೊಮೈಸಿನ್ ಬಿಡುಗಡೆಯಾಯಿತು, ಹಳೆಯ ಮದ್ದಿಗೆ ಬಗ್ಗದ ನ್ಯುಮೋನಿಯಾಕ್ಕೆಂದು. ಆದರೆ ನಮ್ಮ ಕೈ ಬದಲಾಗದಿದ್ದರೆ ಅದಕ್ಕೂ ಒಂದು ದಿನ ವ್ಯಾಂಕೊಮೈಸಿನ್ನಿನ ಗತಿಯೇ. ಆದ್ದರಿಂದ ಓದುಗರಲ್ಲಿ ಕೇಳುವುದಿಷ್ಟು. ಪಟ್ಟಿಯ ಹಿಂದೆ ಕೆಂಪು ಗೆರೆ ಇರುವ ಗುಳಿಗೆಯನ್ನು ಡಾಕ್ಟರ ಚೀಟಿ ಇಲ್ಲದೆ ಕೊಳ್ಳಬೇಡಿ. ಚೀಟಿ ಇದ್ದರೆ ಹೇಳಿದಷ್ಟು ದಿನ ತಪ್ಪದೆ ನುಂಗಿ. ಮಿಕ್ಕಿದ್ದನ್ನು ಮುಂದಿನ ಜ್ವರಕ್ಕೆಂದು ಗೂಡಿನಲ್ಲಿ ಇಡಬೇಡಿ, ಪಕ್ಕದ ಮನೆಯವರಿಗೂ ಕೊಡಬೇಡಿ. ಜ್ವರ ಮತ್ತೆ ಮತ್ತೆ ಮರುಕಳಿಸಿದರೆ ತಟ್ಟೆಯಲ್ಲಿ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಮಾಡಿಸಬಹುದೇ ಎಂದು ಡಾಕ್ಟರನ್ನು ನೀವೇ ಕೇಳಿ. ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾವನ್ನು ಕೊಲ್ಲುವ ಮದ್ದುಗಳು ಇಂದು ಬೆರಳೆಣಿಕೆಯಷ್ಟೇ ಇವೆ. ಅವು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಕೊಲ್ಲಬೇಕೆಂದರೆ ಇವತ್ತು ನಾವು ಬೇಡದ ಕಡೆ ಬಳಸದೆ ಇರಬೇಕು.